ಚೀನದೇಶದ ಕಂಚಿನ ಧೂಪಪಾತ್ರೆಗಳೂ ಅರಬ್ಬೀ ಬರಹವೂ

ಚೀನದೇಶದ ಮುಸಲ್ಮಾನರ ಬಳಕೆಗೆಂದು ಎರಕಹೊಯ್ದ, ಅರಬ್ಬೀ ಬರಹವುಳ್ಳ ಕಂಚಿನ ಧೂಪಪಾತ್ರೆಗಳು ಇಂದು ಹಲವು ದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ದೊರೆಯುತ್ತವೆ. ಇಂಥ ಕಂಚುಗಳನ್ನು ಕುರಿತು ಬರ್ಟೋಲ್ಡ್ ಲಾಫರ್ ಎಂಬ ವಿದ್ವಾಂಸನು 1934ರಲ್ಲಿಯೇ ಲೇಖನವೊಂದನ್ನು ಪ್ರಕಟಿಸಿದ್ದುಂಟು. ಆದರೂ ಇವುಗಳನ್ನು ವರ್ಣಿಸುವಾಗ ಎರಡು ಮಾತುಗಳು ಸುಲಭವಾಗಿ ನುಸುಳುತ್ತವೆ. ಅಡಿಯ ಅಂಕಿತವೇ ಕಾಲಕ್ಕೆ ಸಾಕ್ಷಿಯೆಂಬುದು ಒಂದು. ಒಡಲಿನ ಬರಹ ಬರಿಯ ಅಲಂಕಾರವೆಂಬುದು ಇನ್ನೊಂದು. ಇವೆರಡೂ ವಿಮರ್ಶೆಗೆ ನಿಲ್ಲತಕ್ಕವಲ್ಲವೆಂದು ನಾವು ಭಾವಿಸುತ್ತೇವೆ.

ಮೊದಲು ಅಂಕಿತವನ್ನು ನೋಡೋಣ. ಹಲವು ಪಾತ್ರೆಗಳ ಅಡಿಯಲ್ಲಿ ಮಿಂಗ್ ವಂಶದ ಷುವಾನ್‌ಡೆ ಚಕ್ರವರ್ತಿಯ ಆಳ್ವಿಕೆಯಲ್ಲಿ ತಯಾರಾದುದೆಂದು ಹೇಳುವ ಆರು ಚೀನೀ ಅಕ್ಷರಗಳಿವೆ. ಆತನು ಆಳಿದುದು 1425ರಿಂದ 1435ರವರೆಗೆ. ಆ ಕಾಲದ ಕಂಚಿಗೆ ಬಂದ ಕೀರ್ತಿ ಎಷ್ಟೆಂದರೆ, ಮುಂದೆ ಚಿಂಗ್ ವಂಶದ ದಿನಗಳಲ್ಲಿಯೂ ಎರಕದವರು ಅದೇ ಅಂಕಿತವನ್ನು ಹಾಕುತ್ತ ಬಂದರು. ಆದಕಾರಣ ಅಂಕಿತವು ಕಾಲದ ಪೂರ್ವಾವಧಿಯನ್ನು ಮಾತ್ರ ಸೂಚಿಸೀತು, ಕಾಲವನ್ನು ನಿರ್ಣಯಿಸಲಾರದು. 1505ರಿಂದ 1521ರವರೆಗೆ ಆಳಿದ ಜೆಂಗ್‌ಡೆ ಚಕ್ರವರ್ತಿಯ ಅಂಕಿತವಿರುವ ಪಾತ್ರೆಗಳೂ ಉಂಟು. ಆತನ ಕಾಲದ ನೀಲಿ-ಬಿಳಿ ಪಿಂಗಾಣಿಯ ಮೇಲೆ ಅರಬ್ಬೀ, ಪಾರಸೀ ಬರಹಗಳಿರುವುದು ನಿಶ್ಚಿತ. ಇದರಿಂದ ಚಕ್ರವರ್ತಿಯೇ ಮುಸಲ್ಮಾನನಾಗಿದ್ದನೆಂದು ಊಹಿಸಿದವರಿದ್ದಾರೆ. ಅರಮನೆಯಲ್ಲಿ ಮುಸಲ್ಮಾನ ನಪುಂಸಕ ಅಧಿಕಾರಿಗಳಿದ್ದುದನ್ನು ನೆನೆದರೆ ಅಷ್ಟು ದೂರ ಹೋಗಬೇಕಾದ ಅವಶ್ಯಕತೆಯಿಲ್ಲ.

ಇನ್ನು ಒಡಲಿನ ಬರಹ. ಅಂಚುಕಟ್ಟಿದ ಚೌಕಟ್ಟುಗಳಲ್ಲಿ ಉಬ್ಬಿನಿಂತ ಈ ಅಕ್ಷರಗಳು ದೇವರ ಏಕತ್ವವನ್ನೂ ಪ್ರವಾದಿಯ ದೌತ್ಯವನ್ನೂ ಸಾರುತ್ತವೆ. ಗೆರೆಗಳು ಒಂದೆಡೆ ದಪ್ಪವಾಗಿ ಊದಿ, ಕೊನೆಯಲ್ಲಿ ಕುಂಚದ ತುದಿಯಂತೆ ಸಣ್ಣಗಾಗುತ್ತವೆ. ಚೀನೀ ಕೈಯ ಈ ಅರಬ್ಬೀ ಶೈಲಿಗೆ ಸೀನಿ ಎಂದು ಹೆಸರು. ಕೆಲವು ಪಾತ್ರೆಗಳಲ್ಲಿ ಅಕ್ಷರದೋಷಗಳಿವೆ, ನಿಜ. ಅವು ಎರಕದವನ ಭಾಷಾಜ್ಞಾನವನ್ನು ಶಂಕಿಸಲು ಆಧಾರವಾದಾವು. ಕೊಂಡವನ ಭಕ್ತಿಯನ್ನು ಶಂಕಿಸಲು ಅಲ್ಲ. ಅಲಂಕಾರವೇ ಗುರಿಯಾಗಿದ್ದಲ್ಲಿ ನಂಬಿಕೆಯ ಮೂಲವಾಕ್ಯಗಳನ್ನೇ ಆರಿಸಿಕೊಳ್ಳಬೇಕಾಗಿರಲಿಲ್ಲ.

ಪಾತ್ರೆಯ ಆಕಾರವೂ ಇದನ್ನೇ ಸಮರ್ಥಿಸುತ್ತದೆ. ಮೃಗಮುಖದ ಹಿಡಿಗಳುಳ್ಳ ಈ ರೂಪ ಎಷ್ಟೋ ವೇಳೆ ಪಿತೃಗಳಿಗೆ ಅನ್ನವನ್ನರ್ಪಿಸುತ್ತಿದ್ದ ಪ್ರಾಚೀನ ಚೀನೀ ಕಂಚಿನಿಂದ ಬಂದುದು. ಮುಸಲ್ಮಾನನ ಮನೆಯಲ್ಲಿ ಅದರ ಮುಂದೆ ವಿಗ್ರಹವಿಲ್ಲ; ಪಕ್ಕದಲ್ಲಿ ಧೂಪದ ಭರಣಿ, ಚಿಮಟ ಸೌಟುಗಳನ್ನಿಡುವ ಹೂಜಿ, ಇಷ್ಟೆ. ರೂಪ ಹಳೆಯದು, ಉದ್ದೇಶ ಬೇರೆ.

ಹೀಗೆ ಒಂದೇ ಪಾತ್ರೆಯಲ್ಲಿ ಎರಡು ಬರಹಗಳಿವೆ. ಅಡಗಿರುವುದು ಎರಕದವನು ಗತಕಾಲದ ಕೀರ್ತಿಗೆ ಸಲ್ಲಿಸಿದ ಗೌರವ. ಎದುರಿಗಿರುವುದು ಒಡೆಯನ ನಂಬಿಕೆ. ಅಡಿಯನ್ನಷ್ಟೆ ಓದಿದರೆ ಒಡೆಯನು ಮರೆಯಾಗುತ್ತಾನೆ. ಒಡಲನ್ನಷ್ಟೆ ಓದಿದರೆ ತನ್ನ ನೆಲದಲ್ಲಿಯೇ ಅವನು ಪರದೇಶಿಯಾಗಿ ತೋರುತ್ತಾನೆ. ಅವನು ಚೀನೀಯನೂ ಹೌದು, ಮುಸಲ್ಮಾನನೂ ಹೌದು. ಎರಡನ್ನೂ ಓದುವ ವಿಮರ್ಶೆಯೇ ಅವನಿಗೆ ನ್ಯಾಯವನ್ನು ಒದಗಿಸಬಲ್ಲದು.