ಸಹಪಾಠಿ ಬೋಧನೆ: ತರಗತಿ ಬದಲಾದರೆ ಸಾಕೆ?

ಒಂದೇ ಬಗೆಯ ಮೂರು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ ಬ್ಯಾಟರಿಗೆ ಸಂಪರ್ಕಿಸಲಾಗಿದೆ. ಮೂರನೆಯ ಬಲ್ಬಿನ ಎರಡು ತುದಿಗಳ ನಡುವೆ ಒಂದು ಸ್ವಿಚ್ ಇದೆ. ಸ್ವಿಚ್ ಹಾಕಿದಾಗ ಮೊದಲ ಎರಡು ಬಲ್ಬುಗಳ ಬೆಳಕು ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ ಅಥವಾ ಇದ್ದಂತೆಯೇ ಇರುತ್ತದೆಯೇ? ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ.

ಸ್ವಿಚ್ ಹಾಕಿದೊಡನೆ ವಿದ್ಯುತ್ ಪ್ರವಾಹವು ಮೂರನೆಯ ಬಲ್ಬನ್ನು ಬಿಟ್ಟು ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. ಆ ಬಲ್ಬು ಆರಿಹೋಗುತ್ತದೆ. ಮಂಡಲದ ಒಟ್ಟು ರೋಧ ಮೂರು ಪಾಲಿನಿಂದ ಎರಡು ಪಾಲಿಗೆ ಇಳಿಯುತ್ತದೆ. ಬಲ್ಬಿನ ರೋಧ ಬದಲಾಗುವುದಿಲ್ಲ ಎಂದಿಟ್ಟುಕೊಂಡರೆ ಪ್ರವಾಹ 1.5 ಪಟ್ಟಾಗುತ್ತದೆ, ಉಳಿದ ಪ್ರತಿ ಬಲ್ಬಿನಲ್ಲಿ ವ್ಯಯವಾಗುವ ಸಾಮರ್ಥ್ಯ 2.25 ಪಟ್ಟಾಗುತ್ತದೆ. ಅಂದರೆ ಅವು ಇನ್ನಷ್ಟು ಪ್ರಕಾಶಮಾನವಾಗಿ ಉರಿಯುತ್ತವೆ. ಇದಕ್ಕೆ ಪ್ರೌಢಶಾಲೆಯ ಓಮ್ ನಿಯಮ ಸಾಕು. ಆದರೂ ಕಿರ್ಚಾಫ್ ನಿಯಮ ಬಳಸಿ ಉದ್ದುದ್ದ ಲೆಕ್ಕ ಬಿಡಿಸುವ ಪದವಿ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ.

ಈ ಪ್ರಶ್ನೆಯನ್ನು ನಾನು ಆರಿಸಿಕೊಂಡದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ ಅವರ ‘ಪಿಯರ್ ಇನ್‌ಸ್ಟ್ರಕ್ಷನ್: ಎ ಯೂಸರ್ಸ್ ಮ್ಯಾನ್ಯುಯಲ್’ (1997) ಪುಸ್ತಕದಿಂದ. ತಮ್ಮ ವಿದ್ಯಾರ್ಥಿಗಳು ಎರಡು ಬ್ಯಾಟರಿಗಳ ಮಂಡಲದ ಲೆಕ್ಕವನ್ನು ಬಿಡಿಸಿದಷ್ಟು ಚೆನ್ನಾಗಿ ಈ ಬಲ್ಬುಗಳ ಪ್ರಶ್ನೆಗೆ ಉತ್ತರಿಸಲಿಲ್ಲ ಎಂದು ಅವರು ಅದರಲ್ಲಿ ದಾಖಲಿಸಿದ್ದಾರೆ. ತರಗತಿಯಲ್ಲಿ ಹೊಸತನ ತರಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತಿರುವ ಈ ಕಾಲದಲ್ಲಿ ಆ ಪುಸ್ತಕವನ್ನೂ ಅದು ಮುಂದಿಡುವ ಪದ್ಧತಿಯನ್ನೂ ವಿಮರ್ಶೆಯ ಕಣ್ಣಿನಿಂದ ನೋಡುವುದು ಅಗತ್ಯ.

ಪದ್ಧತಿ ಹುಟ್ಟಿದ ಬಗೆ

ಮಜೂರ್ 1984ರಿಂದ ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದರು. ವಿದ್ಯಾರ್ಥಿಗಳು ಅವರ ಉಪನ್ಯಾಸವನ್ನು ಮೆಚ್ಚುತ್ತಿದ್ದರು, ಪರೀಕ್ಷೆಯಲ್ಲಿ ಅಂಕಗಳೂ ಬರುತ್ತಿದ್ದವು. ತಾನು ಒಳ್ಳೆಯ ಅಧ್ಯಾಪಕನೆಂಬ ಅವರ ನಂಬಿಕೆ 1990ರಲ್ಲಿ ಅಲುಗಾಡಿತು. ಆ ವರ್ಷ ಅವರು ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೀನ್ಸ್ 1985ರಲ್ಲಿ ಪ್ರಕಟಿಸಿದ್ದ ಲೇಖನಗಳನ್ನು ಓದಿದರು. ಒಂದು ಅವಧಿಯ ಭೌತವಿಜ್ಞಾನ ಬೋಧನೆಯ ನಂತರವೂ ಬಲ ಮತ್ತು ಚಲನೆಯ ಬಗ್ಗೆ ವಿದ್ಯಾರ್ಥಿಗಳ ತಪ್ಪುಕಲ್ಪನೆಗಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ ಎಂದು ಅವು ತೋರಿಸಿದ್ದವು. ತಮ್ಮ ವಿದ್ಯಾರ್ಥಿಗಳಿಗೆ ಇದು ಅನ್ವಯಿಸದು ಎಂದುಕೊಂಡೇ ಮಜೂರ್ ಆ ಬಗೆಯ ಸರಳ ಪ್ರಶ್ನೆಗಳನ್ನು ಕೊಟ್ಟರು. ಆಗ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದ ಪ್ರಕಾರ ಉತ್ತರಿಸಲೇ ಅಥವಾ ನಾನು ನಿಜವಾಗಿ ಯೋಚಿಸುವ ಪ್ರಕಾರ ಉತ್ತರಿಸಲೇ ಎಂಬರ್ಥದಲ್ಲಿ ಕೇಳಿದಳಂತೆ. ಅಧ್ಯಾಪಕರಾದ ನಾವೆಲ್ಲ ಒಮ್ಮೆ ನಿಂತು ಯೋಚಿಸಬೇಕಾದ ಪ್ರಶ್ನೆ ಇದು.

1991ರಲ್ಲಿ ಅವರು ಆರಂಭಿಸಿದ ಕ್ರಮ ಹೀಗಿದೆ. ವಿದ್ಯಾರ್ಥಿಗಳು ಪಾಠವನ್ನು ಮೊದಲೇ ಓದಿಕೊಂಡು ಬರಬೇಕು. ತರಗತಿಯಲ್ಲಿ ಏಳರಿಂದ ಹತ್ತು ನಿಮಿಷ ವಿವರಣೆ, ಅನಂತರ ಒಂದು ಬಹು ಆಯ್ಕೆಯ ಪರಿಕಲ್ಪನಾ ಪ್ರಶ್ನೆ. ಪ್ರತಿಯೊಬ್ಬರೂ ಮೌನವಾಗಿ ಯೋಚಿಸಿ ತಮ್ಮ ಉತ್ತರವನ್ನು ಸೂಚಿಸುತ್ತಾರೆ. ಸುಮಾರು ಮೂರನೇ ಒಂದರಿಂದ ಮೂರನೇ ಎರಡರಷ್ಟು ಮಂದಿ ಸರಿಯಿದ್ದರೆ, ಪಕ್ಕದವರ ಜೊತೆ ಚರ್ಚಿಸಿ ಅವರನ್ನು ಒಪ್ಪಿಸಲು ಹೇಳಲಾಗುತ್ತದೆ. ಮತ್ತೊಮ್ಮೆ ಉತ್ತರ ಪಡೆದು ಅಧ್ಯಾಪಕರು ವಿವರಿಸುತ್ತಾರೆ. ಇದರ ತಿರುಳೆಂದರೆ, ಈಗತಾನೆ ಅರ್ಥ ಮಾಡಿಕೊಂಡ ಸಹಪಾಠಿಗೆ ತಾನು ಎಲ್ಲಿ ತೊಡಕಿದ್ದೆ ಎಂಬುದು ನೆನಪಿರುತ್ತದೆ. ಮೂವತ್ತು ವರ್ಷ ಅದನ್ನೇ ಕಲಿಸಿದ ಅಧ್ಯಾಪಕರಿಗೆ ಅದು ಮರೆತುಹೋಗಿರುತ್ತದೆ.

ಪುರಾವೆ ಏನು ಹೇಳುತ್ತದೆ?

ಪಾಠಕ್ಕೆ ಮೊದಲು 100ಕ್ಕೆ 40 ಅಂಕ ಪಡೆದ ತರಗತಿ ಪಾಠದ ನಂತರ 55 ಪಡೆದರೆ, ಗಳಿಸಬಹುದಾಗಿದ್ದ 60ರಲ್ಲಿ ಅದು 15ನ್ನು ಗಳಿಸಿದೆ. ಅಂದರೆ ಗಳಿಕೆಯ ಅನುಪಾತ 0.25. ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶಗಳನ್ನು ಹೀಗೆ ಲೆಕ್ಕ ಹಾಕಿದರು. ಸಾಂಪ್ರದಾಯಿಕ ಉಪನ್ಯಾಸದ 14 ಕೋರ್ಸುಗಳ ಸರಾಸರಿ 0.23, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡ 48 ಕೋರ್ಸುಗಳ ಸರಾಸರಿ 0.48. ಮಜೂರ್ ಅವರ ತರಗತಿಯಲ್ಲೂ ಮೊದಲ ವರ್ಷದಲ್ಲೇ ಈ ಅನುಪಾತ ಸುಮಾರು ಎರಡು ಪಟ್ಟಾಯಿತು.

ಇಲ್ಲಿ ಒಂದು ಸಂಶಯ ಸಹಜ. ಎರಡನೆಯ ಬಾರಿ ಸರಿಯುತ್ತರ ಹೆಚ್ಚುವುದು ಜಾಣ ವಿದ್ಯಾರ್ಥಿಯ ಉತ್ತರವನ್ನು ಉಳಿದವರು ನಕಲು ಮಾಡುವುದರಿಂದ ಇರಬಹುದಲ್ಲವೇ? ಮಿಷೆಲ್ ಸ್ಮಿತ್ ಮತ್ತು ಸಂಗಡಿಗರು ಇದನ್ನು ಕೊಲರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನ ತರಗತಿಯಲ್ಲಿ ಪರೀಕ್ಷಿಸಿ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಚರ್ಚೆಯ ನಂತರ ಅದೇ ತತ್ತ್ವದ ಹೊಸ ಪ್ರಶ್ನೆಯನ್ನು ಒಬ್ಬೊಬ್ಬರಿಗೇ ಕೊಟ್ಟಾಗಲೂ ಸುಧಾರಣೆ ಉಳಿದಿತ್ತು. ಗುಂಪಿನಲ್ಲಿ ಯಾರಿಗೂ ಮೊದಲು ಉತ್ತರ ಗೊತ್ತಿಲ್ಲದಿದ್ದಾಗಲೂ ಚರ್ಚೆ ಫಲ ಕೊಟ್ಟಿತ್ತು. ಅಲ್ಲಿಗೆ ನಕಲಿನ ವಾದ ಬಹುಮಟ್ಟಿಗೆ ಬಿದ್ದುಹೋಯಿತು.

ಉಪಕರಣದ ಮಾತೂ ಅಷ್ಟೆ. ಉತ್ತರ ಒತ್ತುವ ಕ್ಲಿಕ್ಕರ್ ಬಳಸಿದ ತರಗತಿಗೂ ಬರಿಯ ಕಾರ್ಡು ಎತ್ತಿ ತೋರಿಸಿದ ತರಗತಿಗೂ ಕಲಿಕೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲ ಎಂದು ನಥಾನಿಯಲ್ ಲಾಸ್ರಿ 2008ರಲ್ಲಿ ಕೆನಡಾದ ಒಂದು ಕಾಲೇಜಿನಿಂದ ವರದಿ ಮಾಡಿದರು. ಸ್ಮಾರ್ಟ್ ಬೋರ್ಡ್ ಇಲ್ಲದೆ ನವೀನ ಬೋಧನೆ ಸಾಧ್ಯವಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಕೊರತೆಗಳು

ಇಷ್ಟಾದರೂ ಪದ್ಧತಿ ಪ್ರಶ್ನಾತೀತವಲ್ಲ. ಹೇಕ್ ಅವರ ಅಂಕಿಅಂಶಗಳು ಅಧ್ಯಾಪಕರು ತಾವಾಗಿ ಒದಗಿಸಿದವು. ಸೋತ ಪ್ರಯೋಗಗಳನ್ನು ಕಳಿಸಲು ಯಾರಿಗೂ ಉತ್ಸಾಹವಿರುವುದಿಲ್ಲ. ಎಲ್ಲ ಪ್ರಶ್ನೆಗಳೂ ಬಹು ಆಯ್ಕೆಯವು. ಭೌತವಿಜ್ಞಾನವೆಂದರೆ ಅಳೆಯುವುದು, ದೋಷ ಅಂದಾಜು ಮಾಡುವುದು, ಗಣಿತದಲ್ಲಿ ಬರೆದು ತೋರಿಸುವುದು ಕೂಡ. ಇವು ನಾಲ್ಕು ಆಯ್ಕೆಗಳಲ್ಲಿ ಸಿಕ್ಕುವುದಿಲ್ಲ. ಮೊದಲೇ ಓದಿಕೊಂಡು ಬರುವ ವಿದ್ಯಾರ್ಥಿಯನ್ನು ಪುಸ್ತಕ ಊಹಿಸಿಕೊಳ್ಳುತ್ತದೆ. ಇಂಗ್ಲಿಷ್ ಪಠ್ಯವನ್ನು ಸ್ವಂತವಾಗಿ ಓದಲು ಹೆದರುವ ನಮ್ಮ ಹಳ್ಳಿಯ ಬಿ.ಎಸ್ಸಿ. ವಿದ್ಯಾರ್ಥಿ ಅದರ ಕಣ್ಣಿಗೆ ಬಿದ್ದಿಲ್ಲ.

ವಿದ್ಯಾರ್ಥಿಗಳ ಮೆಚ್ಚುಗೆಯೂ ಒಡನೆ ದೊರೆಯುವುದಿಲ್ಲ. ಹಾರ್ವರ್ಡ್‌ನಲ್ಲೇ ನಡೆದು 2019ರಲ್ಲಿ ಪ್ರಕಟವಾದ ಲೂಯಿ ಡೆಲೊರಿಯೆ ತಂಡದ ಅಧ್ಯಯನದಲ್ಲಿ, ಸಕ್ರಿಯ ತರಗತಿಯ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವೆಂದು ಭಾವಿಸಿದ್ದರು. ನಿರರ್ಗಳ ಉಪನ್ಯಾಸ ಕೇಳಿದಾಗ ಎಲ್ಲ ತಿಳಿದಂತೆ ಭಾಸವಾಗುತ್ತದೆ. ತಾನೇ ತಿಣುಕಿದಾಗ ತನ್ನ ಅಜ್ಞಾನ ಎದುರಿಗೆ ಬಂದು ನಿಲ್ಲುತ್ತದೆ.

ನಮ್ಮ ತರಗತಿಯಲ್ಲಿ

ನಾನು ನಾಲ್ಕು ಬಣ್ಣದ ರಟ್ಟಿನ ತುಂಡುಗಳನ್ನು ಹಂಚಿ ಈ ಪದ್ಧತಿಯನ್ನು ಪ್ರಯತ್ನಿಸಿದ್ದೇನೆ. ಲಾರಿ ಮತ್ತು ಸ್ಕೂಟರ್ ಡಿಕ್ಕಿಯಾದಾಗ ಯಾವುದು ಹೆಚ್ಚು ಬಲ ಪ್ರಯೋಗಿಸುತ್ತದೆ ಎಂದು ಕೇಳಿದರೆ, ನ್ಯೂಟನ್ನನ ಮೂರನೆಯ ನಿಯಮವನ್ನು ಬಾಯಿಪಾಠ ಹೇಳುವವರೇ ಲಾರಿ ಎಂದು ಕಾರ್ಡು ಎತ್ತುತ್ತಿದ್ದರು. ಚರ್ಚಿಸಿ ಎಂದೊಡನೆ ತರಗತಿ ಕನ್ನಡಕ್ಕೆ ತಿರುಗುತ್ತಿತ್ತು. ‘ಬಲ ಒಂದೇ ಕಣೋ, ಸ್ಕೂಟರಿನ ದ್ರವ್ಯರಾಶಿ ಕಡಿಮೆ, ಅದಕ್ಕೇ ಅದರ ವೇಗೋತ್ಕರ್ಷ ಜಾಸ್ತಿ’ ಎಂದು ಹಿಂದಿನ ಬೆಂಚಿನಿಂದ ಕೇಳಿಬಂದ ಮಾತು, ವರ್ಷವಿಡೀ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳದೆ ಕೂತಿದ್ದ ಹುಡುಗಿಯದು. ಮಜೂರ್ ಊಹಿಸಿರಲಾರದ ಲಾಭ ಇದು: ಸಹಪಾಠಿ ಬೋಧನೆ ನಮ್ಮಲ್ಲಿ ಭಾಷೆಯ ಬಾಗಿಲನ್ನೂ ತೆರೆಯುತ್ತದೆ.

ಆದರೆ ಕೆಲವು ವಾರಗಳಲ್ಲೇ ವಿದ್ಯಾರ್ಥಿಗಳು ಬಂದು, ‘ಸರ್, ಇದೆಲ್ಲ ಚೆನ್ನಾಗಿದೆ, ನೋಟ್ಸ್ ಯಾವಾಗ ಕೊಡ್ತೀರಿ?’ ಎಂದರು. ಅವರು ತಪ್ಪು ಕೇಳಲಿಲ್ಲ. ಅವರ ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದಿಂದ ಬರುತ್ತದೆ. ನಿಯಮವನ್ನು ನಿರೂಪಿಸಿ, ಸೂತ್ರವನ್ನು ವ್ಯುತ್ಪತ್ತಿ ಮಾಡಿ ಎಂದು ಕೇಳುತ್ತದೆ. ಮಜೂರ್ ತಮ್ಮ ಪರೀಕ್ಷೆಯಲ್ಲೂ ಪರಿಕಲ್ಪನಾ ಪ್ರಶ್ನೆಗಳನ್ನು ಸೇರಿಸಿದರು. ಪಾಠ ಮಾಡುವವರೂ ಪರೀಕ್ಷೆ ರೂಪಿಸುವವರೂ ಅಲ್ಲಿ ಒಬ್ಬರೇ. ಸಂಯೋಜಿತ ಕಾಲೇಜಿನ ಅಧ್ಯಾಪಕರಿಗೆ ಆ ಅಧಿಕಾರವಿಲ್ಲ. ಪದ್ಧತಿಯನ್ನು ಆಮದು ಮಾಡಿಕೊಂಡು ಪರೀಕ್ಷೆಯನ್ನು ಹಾಗೆಯೇ ಉಳಿಸಿಕೊಂಡರೆ, ನವೀನ ಬೋಧನೆ ಎಂಬುದು ಪರಿಶೀಲನಾ ತಂಡ ಬರುವ ವಾರ ಫೋಟೊ ತೆಗೆಸಿ ಕಡತಕ್ಕೆ ಸೇರಿಸುವ ಚಟುವಟಿಕೆಯಾಗಿಯೇ ಉಳಿಯುತ್ತದೆ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಆಂತರಿಕ ಮೌಲ್ಯಮಾಪನದ ಅಂಕಗಳು ನಮ್ಮ ಕೈಯಲ್ಲೇ ಇವೆ. ಪ್ರತಿ ಕಿರುಪರೀಕ್ಷೆಯಲ್ಲಿ ಬಲ್ಬುಗಳಂಥ ಒಂದು ಪ್ರಶ್ನೆ ಇರಲಿ, ಉತ್ತರಕ್ಕೆ ಕಾರಣ ಬರೆಯಲು ಎರಡು ಸಾಲು ಇರಲಿ. ಅಧ್ಯಯನ ಮಂಡಳಿಯಲ್ಲಿ ಕೂರುವವರು ಪ್ರತಿ ಪತ್ರಿಕೆಯಲ್ಲೂ ಅಂಥ ಕೆಲವು ಪ್ರಶ್ನೆಗಳನ್ನು ಕಡ್ಡಾಯ ಮಾಡಲು ಒತ್ತಾಯಿಸಲಿ. ಒಳ್ಳೆಯ ಪ್ರಶ್ನೆ ಬರೆಯುವುದು ಕಷ್ಟ. ನಾಲ್ಕಾರು ಕಾಲೇಜುಗಳ ಅಧ್ಯಾಪಕರು ಸೇರಿ ಕನ್ನಡದಲ್ಲಿ ಒಂದು ಪ್ರಶ್ನೆ ಸಂಗ್ರಹ ಮಾಡಿಕೊಂಡರೆ ಭಾರ ಹಗುರವಾಗುತ್ತದೆ.

ನಾಳೆಯ ತರಗತಿಯಲ್ಲಿ ಬಲ್ಬುಗಳ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದು, ಉತ್ತರ ಹೇಳದೆ ಎರಡು ನಿಮಿಷ ಸುಮ್ಮನಿದ್ದು ನೋಡಿ. ವಿದ್ಯಾರ್ಥಿಗಳು ನಾವು ಕಲಿಸಿದ ಪ್ರಕಾರ ಉತ್ತರಿಸುತ್ತಾರೆಯೇ ಅಥವಾ ತಾವು ಯೋಚಿಸುವ ಪ್ರಕಾರ ಉತ್ತರಿಸುತ್ತಾರೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಇವೆರಡೂ ಒಂದೇ ಆಗುವಂತೆ ಮಾಡುವುದೇ ಬೋಧನೆ.