ಪಿಸಿಆರ್‌ಗೆ ಯಾವ ಪ್ರಶ್ನೆ ಕೇಳಬೇಕು?

ಆನೆಕಾಲು ರೋಗ ಇರುವ ಕಲಬುರಗಿ, ಬೀದರ್, ಯಾದಗಿರಿ ಕಡೆ ಆರೋಗ್ಯ ಇಲಾಖೆಯವರು ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಬಾಗಿಲು ತಟ್ಟಿ, ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋಗುವುದುಂಟು. ಈ ರೋಗ ತರುವ ವುಚೆರೇರಿಯಾ ಹುಳದ ಮರಿಗಳು ಹಗಲು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ವೇಳೆಗೆ ಚರ್ಮದಡಿಯ ರಕ್ತಕ್ಕೆ ಬರುತ್ತವೆ. ನಿದ್ದೆಗೆಡುವುದು ಅದಕ್ಕಾಗಿಯೇ.

ಈ ಮರಿಗಳು ಮೊದಲು ಕಣ್ಣಿಗೆ ಬಿದ್ದದ್ದು ರಕ್ತದಲ್ಲಲ್ಲ. 1863ರಲ್ಲಿ ಪ್ಯಾರಿಸ್‌ನ ಡೆಮಾರ್ಕೇ ವೃಷಣಚೀಲದಲ್ಲಿ ತುಂಬಿದ ನೀರಿನಲ್ಲಿ, 1866ರಲ್ಲಿ ಬ್ರೆಜಿಲ್‌ನ ಬಹಿಯಾದಲ್ಲಿ ವುಚೆರರ್ ಮೂತ್ರದಲ್ಲಿ ಕಂಡರು. ರಕ್ತದಲ್ಲಿ ಕಂಡವರು ಕಲ್ಕತ್ತದ ಟಿಮೊಥಿ ಲೂಯಿಸ್, 1872ರಲ್ಲಿ. ಮೂವರಿಗೂ ಬೇಕಿದ್ದದ್ದು ಇಡೀ ಮರಿ. ಪಿಸಿಆರ್ ಪರೀಕ್ಷೆಗೆ ಅದರ ಡಿಎನ್‌ಎಯ ಚೂರು ಸಾಕು. ಹುಳದ ಡಿಎನ್‌ಎಯಲ್ಲಿ ನೂರಾರು ಸಲ ಮರುಕಳಿಸುವ ತುಣುಕೊಂದನ್ನು ಹಿಡಿದು ಲಕ್ಷಾಂತರ ಪಟ್ಟು ಹೆಚ್ಚಿಸುವುದರಿಂದ, ಸೂಕ್ಷ್ಮದರ್ಶಕ ತಪ್ಪಿಸಿಕೊಂಡದ್ದೂ ಇಲ್ಲಿ ಸಿಗುತ್ತದೆ. ಜಾತಿಯನ್ನೂ ಅದು ಬೇರ್ಪಡಿಸುತ್ತದೆ. ಬಳಕೆಯಲ್ಲಿರುವ ಪ್ರತಿಜನಕ ಕಾರ್ಡ್ ಪರೀಕ್ಷೆ ಇದೇ ರೋಗ ತರುವ, ಕೇರಳದಲ್ಲೂ ಕಂಡುಬರುವ ಬ್ರೂಗಿಯಾ ಹುಳವನ್ನು ಗುರುತಿಸದು. ಮಧ್ಯ ಆಫ್ರಿಕದಲ್ಲಿ ಲೋವಾ ಲೋವಾ ಹುಳಕ್ಕೆ ಮೋಸಹೋಗುವುದೂ ಉಂಟು.

ಆದರೂ ಪಿಸಿಆರ್ ಅನ್ನು ಎಲ್ಲದಕ್ಕೂ ಕೊನೆಯ ಮಾತೆಂದು ಹೊಗಳುವವರ ಜೊತೆ ನಾನಿಲ್ಲ. ಕಾಲು ಬಾತು ವರ್ಷಗಳಾದವರ ರಕ್ತದಲ್ಲಿ ಮರಿಗಳು ಬಹಳ ಸಲ ಇರುವುದೇ ಇಲ್ಲ. ಅವರ ವರದಿಯಲ್ಲಿ ‘ನೆಗೆಟಿವ್’ ಎಂದಿದ್ದರೆ ರೋಗ ಇಲ್ಲವೆಂದಲ್ಲ, ಮರಿ ಇಲ್ಲವೆಂದಷ್ಟೇ. ದೊಡ್ಡ ಹುಳ ದುಗ್ಧನಾಳದಲ್ಲಿದ್ದೂ ಇನ್ನೂ ಮರಿ ಹಾಕದಿದ್ದರೆ ಅಲ್ಲೂ ಪಿಸಿಆರ್ ಎಡವಬಹುದು; ದೊಡ್ಡ ಹುಳದ ಸುಳಿವನ್ನು ಆ ಸಾದಾ ಕಾರ್ಡೇ ಹಗಲಿನಲ್ಲೂ, ಹತ್ತೇ ನಿಮಿಷದಲ್ಲಿ ಕೊಡುತ್ತದೆ. ಮೂತ್ರ, ಉಗುಳಿನಲ್ಲಿ ಡಿಎನ್‌ಎ ಹುಡುಕಿದರೆ ಸೂಜಿ ಚುಚ್ಚುವುದು ತಪ್ಪುತ್ತದೆ ನಿಜ, ಆದರೆ ಅಲ್ಲಿ ಸಿಗುವ ಪ್ರಮಾಣ ಅತ್ಯಲ್ಪ. ಪ್ರಯೋಗಾಲಯದಲ್ಲಿ ಒಂದು ಕೊಳವೆಯ ಕಣ ಇನ್ನೊಂದಕ್ಕೆ ಹಾರಿದರೂ ಇಲ್ಲದ ಹುಳ ಹುಟ್ಟಿಬಿಡುತ್ತದೆ.

ಪಿಸಿಆರ್‌ನ ನಿಜವಾದ ಕಸುವು ಕಾಣುವುದು ಸೊಳ್ಳೆಯಲ್ಲಿ. ಊರಿನ ಸೊಳ್ಳೆಗಳನ್ನು ಹಿಡಿದು, ಇಪ್ಪತ್ತೋ ಇಪ್ಪತ್ತೈದೋ ಒಟ್ಟಿಗೆ ಅರೆದು ಒಂದೇ ಪರೀಕ್ಷೆ ಮಾಡಬಹುದು. ಯಾರ ಬೆರಳನ್ನೂ ಚುಚ್ಚಬೇಕಿಲ್ಲ. ಆ ಸೊಳ್ಳೆ ರೋಗ ಹರಡುವಷ್ಟು ಬೆಳೆದ ಮರಿ ಹೊತ್ತಿದೆಯೇ ಎಂದು ಇದರಿಂದ ಗೊತ್ತಾಗದು. ಆ ಊರಿನ ಯಾರದೋ ರಕ್ತದಲ್ಲಿ ಮರಿ ಉಳಿದಿದೆ ಎಂಬುದು ಮಾತ್ರ ಗೊತ್ತಾಗುತ್ತದೆ. ಡಿಇಸಿ, ಅಲ್ಬೆಂಡಜೋಲ್ ಮಾತ್ರೆಗಳನ್ನು ವರ್ಷವರ್ಷ ನುಂಗಿಸಿ, 2027ರೊಳಗೆ ರೋಗ ನಿರ್ಮೂಲನೆ ಎಂದು ಗುರಿ ಇಟ್ಟುಕೊಂಡ ದೇಶಕ್ಕೆ ಮಾತ್ರೆ ನಿಲ್ಲಿಸುವ ಮುನ್ನ ಬೇಕಾದ ಸುದ್ದಿ ಅದೇ.

ಹಾಗಾಗಿ ಪಿಸಿಆರ್‌ಗೆ ಊರಿನ ಕಥೆ ಕೇಳೋಣ. ಬಾತ ಕಾಲಿನವರಿಗೆ ಬೇಕಾದದ್ದು ಮತ್ತೊಂದು ವರದಿಯಲ್ಲ. ದಿನಾ ಸೋಪು ಹಚ್ಚಿ ಕಾಲು ತೊಳೆದು ಒರೆಸಿಕೊಳ್ಳಲು ನೀರು, ಹೇಳಿಕೊಡಲು ಒಬ್ಬ ಆಶಾ ಕಾರ್ಯಕರ್ತೆ.