ಕೊಟ್ಟವರ ಕಡತ

ಬಾಲಿಯ ಪೂಜೆಯಲ್ಲಿ ಹೂವು, ಅಕ್ಕಿ, ಎಲೆಯಡಿಕೆಯ ಪಕ್ಕದಲ್ಲಿ ನಡುವೆ ಚೌಕ ತೂತಿರುವ ಕಾಸುಗಳನ್ನು ಇಡುತ್ತಾರೆ. ಅಲ್ಲಿಯವರ ಬಾಯಲ್ಲಿ ಅದು 'ಪಿಸ್ ಬೊಲೊಂಗ್', ಅಂದರೆ ತೂತುಕಾಸು. ಹಳೆಯವು ಚೀನಾದಿಂದ ಹಡಗಿನಲ್ಲಿ ಬಂದವು, ಮೈಮೇಲೆ ಚೀನೀ ಅಕ್ಷರ ಹೊತ್ತವು. ಈಗ ಬಾಲಿಯ ಕ್ಲುಂಗ್‌ಕುಂಗ್‌ನಲ್ಲೇ ಎರಕ ಹೊಯ್ಯುತ್ತಾರೆ. ಹಣವಾಗಿ ಪೇಟೆಯಲ್ಲಿ ಆ ಕಾಸಿಗೆ ಕವಡೆಯ ಬೆಲೆಯೂ ಇಲ್ಲ. ಆದರೆ ಗುಡಿಗೆ ಅಡಿಪಾಯ ಹಾಕುವಾಗ ಅದು ಬೇಕು, ಹೆಣ ಸುಡುವಾಗಲೂ ಬೇಕು. ಪೂಜೆ ಶಿವನದು, ವಿಷ್ಣುವಿನದು; ಕಾಸು ಚೀನಾದ್ದು. ನಮ್ಮ ಕಡೆಯಿಂದ ಬಾಲಿಗೆ ಹೋಗಿಬಂದವರ ಫೋಟೊಗಳಲ್ಲಿ ಈ ಕಾಸು ಎಲ್ಲೋ ಮೂಲೆಯಲ್ಲಿ ಸಿಕ್ಕಿಬಿದ್ದಿರುತ್ತದೆ, ಮಾತಿನಲ್ಲಿ ಮಾತ್ರ ಬರುವುದಿಲ್ಲ. ಮಾತೆಲ್ಲ "ಅಲ್ಲೂ ನಮ್ಮದೇ ಸಂಸ್ಕೃತಿ ನೋಡಿ" ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇದು ಪ್ರವಾಸಿಗಳು ತಾವಾಗಿ ಕಂಡುಕೊಂಡ ಮಾತಲ್ಲ. ಅದರ ಹಿಂದೆ ಒಂದು ವಿದ್ವತ್ ಪಂಥವೇ ಇದೆ. 1926ರಲ್ಲಿ ಕಲ್ಕತ್ತೆಯ ವಿದ್ವಾಂಸರು ಸೇರಿ ಗ್ರೇಟರ್ ಇಂಡಿಯಾ ಸೊಸೈಟಿ ಕಟ್ಟಿದರು. ಬೃಹತ್ತರ ಭಾರತ ಎಂಬ ಕಲ್ಪನೆಗೆ ಅದೇ ಮೂಲಮಠ. ಮರುವರ್ಷ ರವೀಂದ್ರನಾಥ ಠಾಕೂರರು ಭಾಷಾಶಾಸ್ತ್ರಜ್ಞ ಸುನೀತಿಕುಮಾರ ಚಟರ್ಜಿಯವರನ್ನು ಕರೆದುಕೊಂಡು ಜಾವಾ, ಬಾಲಿ ಸುತ್ತಿಬಂದರು. ಅದೇ 1927ರಲ್ಲಿ ಆರ್.ಸಿ. ಮಜುಂದಾರರ 'ಚಂಪಾ' ಹೊರಬಂತು. ಹತ್ತು ವರ್ಷದ ಮೇಲೆ 'ಸುವರ್ಣದ್ವೀಪ'. ಈ ಮಾಲೆಗೆ ಮಜುಂದಾರರು ಇಟ್ಟ ಹೆಸರಿನಲ್ಲೇ 'ಭಾರತೀಯ ವಸಾಹತುಗಳು' ಎಂಬ ಮಾತಿದೆ. ಪರರ ವಸಾಹತಾಗಿ ತಲೆತಗ್ಗಿಸಿ ನಿಂತಿದ್ದ ನಾಡಿನ ಪಂಡಿತನೊಬ್ಬ ತನ್ನ ಪೂರ್ವಿಕರಿಗೂ ವಸಾಹತುಗಳಿದ್ದವು ಎಂದು ಬರೆಯುವಾಗ ಅವನ ಎದೆಯಲ್ಲಿ ಏನಾಗಿರಬೇಕು ಎಂದು ಊಹಿಸಬಲ್ಲೆ. ಅದನ್ನು ಹಂಗಿಸಲು ಮನಸ್ಸಾಗುವುದಿಲ್ಲ. ಈಗಿನ ವಿಯೆಟ್ನಾಂನಲ್ಲಿದ್ದ ಹಳೆಯ ರಾಜ್ಯ ಚಂಪಾದ ಸಂಸ್ಕೃತ ಶಾಸನಗಳನ್ನು ಒಂದೆಡೆ ಕೂಡಿಸಿ ಅನುವಾದಿಸಿಕೊಟ್ಟ ಉಪಕಾರವೂ ಅವರದೇ. ನನ್ನ ತಕರಾರು ಅವರ ದುಡಿಮೆಯ ಮೇಲಲ್ಲ, ಅವರು ಲೆಕ್ಕ ಬರೆದ ಕಡತದ ಮೇಲೆ. ಕೊಟ್ಟವರ ಬಾಬ್ತು ಪುಟಗಟ್ಟಲೆ ಇದೆ, ಕೊಂಡವರ ಪುಟ ಖಾಲಿ. ತವರಿನವರು ಮಗಳ ಮನೆಗೆ ಬಂದು ಅಡುಗೆಮನೆಯ ಪಾತ್ರೆಗಳನ್ನು ಬೋರಲು ಹಾಕಿ ತಮ್ಮ ಹೆಸರು ಕೆತ್ತಿದೆಯೇ ಎಂದು ಹುಡುಕಿದಂತೆ. ಆಕೆ ಅದರಲ್ಲಿ ಏನು ಬೇಯಿಸಿದಳು ಎಂದು ಯಾರೂ ಕೇಳಲಿಲ್ಲ.

ಬೋರ್ನಿಯೊ ದ್ವೀಪದ ಪೂರ್ವ ಭಾಗದಲ್ಲಿರುವ ಕುಟಾಯ್‌ನಲ್ಲಿ ಸುಮಾರು ಕ್ರಿ.ಶ. 400ರ ಯೂಪಸ್ತಂಭಗಳು ಸಿಕ್ಕಿವೆ. ಒಳ್ಳೆಯ ಸಂಸ್ಕೃತ; ಬ್ರಾಹ್ಮಣರಿಗೆ ದಾನ ಕೊಟ್ಟ ರಾಜ ಮೂಲವರ್ಮ. ಅವನ ತಂದೆ ಅಶ್ವವರ್ಮ. ಅಶ್ವವರ್ಮನ ತಂದೆ ಕುಂಡುಂಗ. ಈ ಮೂರನೆಯ ಹೆಸರಲ್ಲಿ ಸಂಸ್ಕೃತದ ವಾಸನೆಯೂ ಇಲ್ಲ. ಅದು ಅಲ್ಲಿಯ ಮಣ್ಣಿನ ಹೆಸರು. ಕಡಲು ದಾಟಿ ಬಂದ ಯಾವ ಭಾರತೀಯ ವೀರನೂ ಈ ವಂಶಾವಳಿಯಲ್ಲಿಲ್ಲ. ಊರಿನ ಗೌಡನೊಬ್ಬನ ಮಗ ದೊಡ್ಡ ಹೆಸರು ತೊಟ್ಟು, ಮೊಮ್ಮಗ ದೊಡ್ಡ ಯಜ್ಞಕ್ಕೆ ಪುರೋಹಿತರನ್ನು ಕರೆಸಿಕೊಂಡ ಕಥೆ ಇದು. ಇನ್ನೂ ಸೊಗಸೆಂದರೆ ಶಾಸನ ವಂಶಕರ್ತ ಎಂದು ಕರೆಯುವುದು ಅಜ್ಜನನ್ನಲ್ಲ, ಸಂಸ್ಕೃತದ ಹೆಸರು ತೊಟ್ಟ ಅಪ್ಪನನ್ನು. ಸಂಸ್ಕೃತವನ್ನು ಅವರ ಮೇಲೆ ಯಾರೂ ಹೇರಲಿಲ್ಲ. ಅವರೇ ಕೊಂಡರು, ಯಾಕೆ ಬೇಕೆಂಬುದು ಅವರಿಗೆ ಗೊತ್ತಿತ್ತು. 1025ರಲ್ಲಿ ರಾಜೇಂದ್ರ ಚೋಳ ಸುಮಾತ್ರಾದ ಶ್ರೀವಿಜಯ ರಾಜ್ಯದ ಮೇಲೆ ಹಡಗುಗಳನ್ನು ಕಳಿಸಿದ್ದನ್ನು ಎತ್ತಿ ಮೀಸೆ ತಿರುವುವವರಿದ್ದಾರೆ. ಆ ಹೊತ್ತಿಗೆ ಕುಟಾಯ್‌ನ ಕಂಬಗಳಿಗೆ ಆರುನೂರು ವರ್ಷ, ಜಾವಾದ ಬೌದ್ಧ ಸ್ತೂಪ ಬೊರೊಬುದುರ್‌ಗೆ ಇನ್ನೂರು ವರ್ಷ ತುಂಬಿತ್ತು.

ಕೊಟ್ಟವರನ್ನಷ್ಟೇ ನೋಡುವ ಈ ಎಡವಟ್ಟನ್ನು ಮೊದಲು ಗಟ್ಟಿಯಾಗಿ ಎತ್ತಿ ತೋರಿಸಿದವನು ಡಚ್ ವಿದ್ವಾಂಸ ವಾನ್ ಲೆವುರ್, 1934ರಲ್ಲಿ. ಗಂಟು ಹೊತ್ತು ತಿರುಗುವ ವ್ಯಾಪಾರಿಯಿಂದ ಆಸ್ಥಾನ ಸಂಸ್ಕೃತಿ ಹರಡುವುದಿಲ್ಲ, ಅಲ್ಲಿಯ ದೊರೆಗಳೇ ಪಂಡಿತರನ್ನು ಕರೆಸಿಕೊಂಡಿರಬೇಕು ಎಂದು ಅವನ ವಾದ. 1942ರ ಜಾವಾ ಸಮುದ್ರದ ಕದನದಲ್ಲಿ ಅವನು ಮುಳುಗಿಹೋದ, ಹೆಚ್ಚು ಬರೆಯಲಾಗಲಿಲ್ಲ. ಎರಡು ವರ್ಷದ ಮೇಲೆ ಹನೋಯ್‌ನಲ್ಲಿ ಫ್ರೆಂಚ್ ಪಂಡಿತ ಜಾರ್ಜ್ ಸೆದೆಸ್ ಹೊರತಂದ ಗ್ರಂಥ ಭಾರತೀಕರಣ ಪಂಥದ ಶಿಖರ. ಕತ್ತಿಯಿಲ್ಲದ ಭಾರತೀಕರಣ ಎಂಬ ಚಿತ್ರ ನಮ್ಮ ಪಠ್ಯಪುಸ್ತಕಗಳಿಗೆ ಇಳಿದದ್ದು ಮುಖ್ಯವಾಗಿ ಅವರಿಂದ. ಅವರೂ ಉತ್ತರ ವಿಯೆಟ್ನಾಂ ಅನ್ನು ಚೀನಾದ ಪಾಲೆಂದು ಬೇಲಿಯಾಚೆ ಬಿಟ್ಟರು. ಇಂಡೋಚೀನಾ ಎಂಬ ಹೆಸರನ್ನೇ ನೋಡಿ: ನೆರೆಮನೆಯವರಿಬ್ಬರ ಹೆಸರು ಬಾಗಿಲ ಮೇಲೆ, ಮನೆಯವರದು ಎಲ್ಲೂ ಇಲ್ಲ.

ಆದರೆ ಭಾರತ, ಚೀನಾ ಎಂದು ಹಾಕಿದ ಈ ಬೇಲಿ ನಿಲ್ಲುವುದಿಲ್ಲ. ಕೌಂಡಿನ್ಯನೆಂಬವನು ಈಗಿನ ಕಾಂಬೋಡಿಯಾ ಕಡೆಯ ಹಳೆಯ ರಾಜ್ಯ ಫೂನಾನ್‌ಗೆ ಬಂದು ಅಲ್ಲಿಯ ರಾಣಿಯನ್ನು ವರಿಸಿದನೆಂಬುದು ಬೃಹತ್ತರ ಭಾರತದ ಪುಸ್ತಕಗಳಿಗೆ ಬಲು ಪ್ರಿಯವಾದ ಕಥೆ. ಅದರ ಹಳೆಯ ರೂಪ ನಮಗೆ ದಕ್ಕಿದ್ದು ಮೂರನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಚೀನೀ ರಾಯಭಾರಿ ಕಾಂಗ್ ತಾಯ್‌ನ ವರದಿಯಿಂದ. ಫೂನಾನ್ ಎಂಬ ಹೆಸರೂ ಚೀನೀ ಉಚ್ಚಾರವೇ. 671ರಲ್ಲಿ ಇತ್ಸಿಂಗ್ ನಳಂದಕ್ಕೆ ಹೊರಟವನು ದಾರಿಯಲ್ಲಿ ಸುಮಾತ್ರಾದ ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ಸಂಸ್ಕೃತ ವ್ಯಾಕರಣ ಕಲಿತ. ಚೀನಾದ ಭಿಕ್ಷು, ಮಲಯ ರಾಜನ ಊರು, ಪಾಠ ಮಾತ್ರ ಪಾಣಿನಿಯ ಭಾಷೆಯದು. ಇದರಲ್ಲಿ ಯಾವುದನ್ನು ಯಾವ ದೇಶದ ಪ್ರಭಾವವೆಂದು ಬೇರ್ಪಡಿಸುತ್ತೀರಿ? (ಕವಿರಾಜಮಾರ್ಗಕಾರನ ಹೆಸರೂ ಶ್ರೀವಿಜಯನೇ. ಕಾಕತಾಳೀಯ, ಅಷ್ಟೆ, ಯಾರೂ ಇದರ ಮೇಲೆ ಹೊಸ ಪಂಥ ಕಟ್ಟದಿದ್ದರೆ ಸಾಕು.)

ಕವಿರಾಜಮಾರ್ಗದ ಮಾತು ಬಂದದ್ದು ಒಳ್ಳೆಯದಾಯಿತು. ಈ ವಿಷಯದಲ್ಲಿ ಕನ್ನಡಿಗರು ಕೊಟ್ಟವರ ಸಾಲಿನಲ್ಲಿ ಕೂರುವುದಕ್ಕಿಂತ ಕೊಂಡವರ ಸಾಲಿನಲ್ಲಿ ಕೂತರೆ ಹೆಚ್ಚು ಕಾಣಿಸುತ್ತದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ ಸಂಸ್ಕೃತವನ್ನು ಕನ್ನಡದೊಡನೆ ಎಷ್ಟು ಬೆರೆಸಬೇಕು, ಎಲ್ಲಿ ಬೆರೆಸಬಾರದು ಎಂಬ ಚರ್ಚೆ ನಡೆದಿತ್ತು. ಅದೇ ಶತಮಾನದಲ್ಲಿ ನಡುಜಾವಾದ ಒಬ್ಬ ಕವಿ ಭಟ್ಟಿಕಾವ್ಯವನ್ನು ಹಿಡಿದು ಜಾವಾ ನುಡಿಯಲ್ಲಿ ರಾಮಾಯಣ ಕಟ್ಟುತ್ತಿದ್ದ. ಪಂಪ 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯ ಬರೆದ. 996ರಲ್ಲಿ ಪೂರ್ವ ಜಾವಾದ ದೊರೆ ಧರ್ಮವಂಶ ತೆಗುಃನ ಮುಂದೆ ಜಾವಾ ಗದ್ಯಕ್ಕೆ ಬಂದ ವಿರಾಟಪರ್ವದ ವಾಚನ ತಿಂಗಳೊಪ್ಪತ್ತು ನಡೆಯಿತು. ಪಂಪನ ಅರ್ಜುನ ಅರಿಕೇಸರಿಯಾದರೆ, ಮುಂದಿನ ಶತಮಾನದಲ್ಲಿ ಎಂಪು ಕನ್ವ ಬರೆದ ಅರ್ಜುನವಿವಾಹದ ಅರ್ಜುನನಲ್ಲಿ ಐರ್‌ಲಂಗ ದೊರೆಯನ್ನು ಕಾಣುವವರು ಬಹಳ ಮಂದಿ. ಶೆಲ್ಡನ್ ಪೊಲಾಕ್ 2006ರ ತಮ್ಮ ದೊಡ್ಡ ಗ್ರಂಥದಲ್ಲಿ ಕನ್ನಡವನ್ನೂ ಜಾವಾ ನುಡಿಯನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದು ಸುಮ್ಮನೆ ಅಲ್ಲ. ಪಂಪನನ್ನು ನಾವು ಸಂಸ್ಕೃತದ ವಸಾಹತು ಎನ್ನುತ್ತೇವೆಯೇ? ಹಾಗಂದರೆ ಕೈ ಮುರಿಯುತ್ತಾರೆ. ಕನ್ವನಿಗೆ ಮಾತ್ರ ಆ ಮರ್ಯಾದೆ ಯಾಕಿಲ್ಲ?

ದ್ರೌಪದಿಯ ಪ್ರಸಂಗವಂತೂ ಇನ್ನೂ ರುಚಿ. ಐವರು ಗಂಡಂದಿರೆಂಬುದು ಪಂಪನಿಗೂ ಒಗ್ಗಲಿಲ್ಲ, ಜಾವಾದ ತೊಗಲುಗೊಂಬೆಯಾಟ ವಯಾಂಗ್‌ಗೂ ಒಗ್ಗಲಿಲ್ಲ. ಪಂಪ ಅವಳನ್ನು ಅರ್ಜುನನೊಬ್ಬನ ಕೈಗೆ ಕೊಟ್ಟ. ವಯಾಂಗ್ ಧರ್ಮರಾಯನೊಬ್ಬನ ಕೈಗೆ ಕೊಟ್ಟಿತು. ಶಿಖಂಡಿ ಅಲ್ಲಿ ಬಿಲ್ಲು ಹಿಡಿದ ಚೆಲುವೆ, ಅರ್ಜುನನ ಹೆಂಡತಿ ಸ್ರಿಕಾಂಡಿ. ಇನ್ನು ಸೆಮಾರ್. ಡೊಳ್ಳುಹೊಟ್ಟೆ, ಸೋರುವ ಕಣ್ಣು, ಎಲ್ಲೆಂದರಲ್ಲಿ ಹೂಸು ಬಿಡುವ ಮುದುಕ ಸೇವಕ; ಪಾಂಡವರ ಹಿಂದೆ ಮಕ್ಕಳಾದ ಗಾರೆಂಗ್, ಪೆತ್ರುಕ್, ಬಾಗೊಂಗ್ ಜೊತೆ ಅಡ್ಡಾಡುತ್ತಾನೆ. ವ್ಯಾಸಭಾರತದಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದರೆ ಜಾವಾದವರ ಲೆಕ್ಕದಲ್ಲಿ ಅವನು ಬತಾರ ಗುರು ಎಂಬ ಶಿವನಿಗೇ ಅಣ್ಣ. ಅವನು ಸಿಟ್ಟಾದರೆ ಸ್ವರ್ಗ ನಡುಗುತ್ತದೆ. ನಡುರಾತ್ರಿ ದಾಟಿದ ಮೇಲೆ ಪರದೆಗೆ ಬಂದು ದೊರೆಗಳನ್ನೂ ದೇವರನ್ನೂ ಗೇಲಿ ಮಾಡುವ ಹಕ್ಕು ಅವನ ಪರಿವಾರಕ್ಕಿದೆ. ನಮ್ಮ ಕಿಳ್ಳೇಕ್ಯಾತನನ್ನು ಪರದೆಯ ಮೇಲೆ ಕಂಡವರಿಗೆ ಈ ಸಲಿಗೆ ಅರ್ಥವಾಗುತ್ತದೆ. ಆದರೆ ಕಿಳ್ಳೇಕ್ಯಾತನನ್ನು ಶಿವನ ಅಣ್ಣನಾಗಿಸುವ ಧೈರ್ಯ ನಮಗೆ ಬರಲಿಲ್ಲ. ಹೊರಗಿನಿಂದ ಬಂದ ದೇವರಿಗೆ ಒಳ್ಳೆಯ ಪೀಠ ಕೊಟ್ಟು, ಮನೆಯ ಹಿರಿತನವನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡ ಜಾಣತನ ಇದು.

ಹಾಗೆಂದು ಎಲ್ಲವನ್ನೂ 'ದೇಶೀ ಪ್ರತಿಭೆ' ಎಂದು ಸಾರಿಬಿಡುವ ಈಚಿನ ಪಂಥವೂ ನನಗೆ ಪೂರಾ ಒಪ್ಪಿಗೆಯಿಲ್ಲ. ಇತಿಹಾಸಕಾರ ವಾಲ್ಟರ್ಸ್ 1982ರಲ್ಲಿ ಮುಂದಿಟ್ಟ ಸ್ಥಳೀಕರಣದ ವಾದ ಕಣ್ಣು ತೆರೆಸಿತು ನಿಜ. ಬಂದದ್ದೆಲ್ಲ ಬರಿಯ ಬಣ್ಣ, ಒಳಗಿನ ಗೋಡೆ ಅಲ್ಲಿಯದೇ ಎನ್ನುವಷ್ಟಕ್ಕೆ ಹಿಂಬಾಲಕರು ಅದನ್ನು ಎಳೆದರು. ಬರಿಯ ಬಣ್ಣವಾಗಿದ್ದರೆ ಜಾವಾದ ಕವಿ ಗುರುಲಘುವಿನ ಹಿಂದೆ ಅಷ್ಟು ಪಾಡುಪಡುತ್ತಿದ್ದನೇ? ಕಕವಿನ್ ಕಾವ್ಯಗಳು ಸಂಸ್ಕೃತದ ವೃತ್ತಗಳಲ್ಲಿವೆ. ಹ್ರಸ್ವ ದೀರ್ಘಗಳ ಎಣಿಕೆ ಆ ಭಾಷೆಗೆ ಸಹಜವಲ್ಲ. ಆದರೂ ಶತಮಾನಗಟ್ಟಲೆ ಕವಿಗಳು ಆ ನೊಗಕ್ಕೆ ಹೆಗಲು ಕೊಟ್ಟರು. ಆಮೇಲೆ ನಮ್ಮಲ್ಲಿ ಷಟ್ಪದಿ, ಸಾಂಗತ್ಯಗಳು ಬಂದ ಹಾಗೆ ಅಲ್ಲಿ ಮಾಚಾಪಾತ್ ಎಂಬ ಹಾಡುಗಬ್ಬದ ಮಟ್ಟುಗಳು ಬಂದವು. ಅದರ ನಿಯಮಗಳಲ್ಲೊಂದರ ಹೆಸರು ಇವತ್ತಿಗೂ 'ಗುರು ಲಾಗು'. ಅರ್ಥ ಮಾತ್ರ ಬೇರೆ: ಸಾಲಿನ ಕೊನೆಯಲ್ಲಿ ಯಾವ ಸ್ವರ ಬರಬೇಕೆಂಬ ಕಟ್ಟಳೆ ಅದು. ಲಾಗು ಎಂದರೆ ಅವರಿಗೀಗ ಹಾಡು.

ಥಾಯ್ಲೆಂಡಿಗೆ ಬಂದರೆ ಭಾರತ, ಚೀನಾ ಎಂಬ ಎರಡು ಕಡತಗಳು ಒಂದೇ ಮೇಜಿನ ಮೇಲೆ ಸಿಗುತ್ತವೆ. 1767ರಲ್ಲಿ ಬರ್ಮಾದವರು ಅಯುತ್ಥಯವನ್ನು ಸುಟ್ಟ ಮೇಲೆ ಬ್ಯಾಂಕಾಕಿನಲ್ಲಿ ಹೊಸ ರಾಜ್ಯ ಕಟ್ಟಿದ ಒಂದನೆಯ ರಾಮನಿಗೆ ಪುಸ್ತಕಗಳೂ ಹೊಸದಾಗಿ ಬೇಕಾದವು. 1797ರಲ್ಲಿ ರಾಮಾಯಣದ ಥಾಯ್ ರೂಪ ರಾಮಕಿಯೆನ್ ಸಿದ್ಧವಾಯಿತು. ಅದರಲ್ಲಿ ಹನುಮಂತ ಬ್ರಹ್ಮಚಾರಿಯಲ್ಲ. ರಾವಣನ ಮಗಳಾದ ಮತ್ಸ್ಯಕನ್ಯೆ ಸೇರಿದಂತೆ ಹಲವರ ಮೇಲೆ ಕಣ್ಣು ಹಾಕಿದ ರಸಿಕ. ಅದೇ ದೊರೆಯ ಕಾಲದಲ್ಲಿ, 1802ರ ಸುಮಾರಿಗೆ, ಮಂತ್ರಿ ಹೊನ್ ಮುಂದೆ ನಿಂತು ಚೀನಾದ ಮೂರು ರಾಜ್ಯಗಳ ಕಾದಂಬರಿಯನ್ನು 'ಸಾಮ್ ಕೊಕ್' ಎಂದು ಥಾಯ್ ಗದ್ಯಕ್ಕೆ ತರಿಸಿದ. ಧರ್ಮಕ್ಕೆ, ಆಳುವ ಹಕ್ಕಿಗೆ ರಾಮ. ರಾಜತಂತ್ರಕ್ಕೆ, ಯುದ್ಧದ ಪಟ್ಟುಗಳಿಗೆ ಚೀನಾ. ಸಾಮ್ ಕೊಕ್ ಅನ್ನು ಮೂರು ಸಲ ಓದಿದವನ ಸಹವಾಸ ಬೇಡ ಎಂಬ ಮಾತು ಥಾಯ್ ಜನರಲ್ಲಿದೆ. ರಾಮಕಿಯೆನ್ ಓದಿದವರಿಗೆ ಈ ಅಪವಾದವಿಲ್ಲ. ಆ ದೊರೆಗೆ ಯಾವ ನೆರೆಯವನ ಋಣವೂ ಭಾರವಾಗಲಿಲ್ಲ. ಎರಡೂ ಕಡೆ ಸಂತೆ ಮಾಡಿ ಬೇಕಾದ್ದು ತಂದ.

ವಿಯೆಟ್ನಾಂನ ಕಥೆ ಕಠೋರ. ಕ್ರಿ.ಪೂ. 111ರಿಂದ ಹೆಚ್ಚುಕಡಿಮೆ ಸಾವಿರ ವರ್ಷ ಅಲ್ಲಿ ಚೀನಾ ನಿಜಕ್ಕೂ ಆಳಿತು. ಸ್ವತಂತ್ರವಾದ ಮೇಲೂ ಅವರು ಚೀನೀ ಮಾದರಿಯ ಪರೀಕ್ಷೆಗಳನ್ನು 1075ರಿಂದ 1919ರ ತನಕ ನಡೆಸಿಕೊಂಡು ಬಂದರು. ಆಳಿದವರನ್ನು ಹೊರಗಟ್ಟಿ ಅವರ ಪಠ್ಯವನ್ನು ಇಟ್ಟುಕೊಂಡರು (ನಾವು ಇಂಗ್ಲಿಷ್ ಇಟ್ಟುಕೊಂಡಂತೆ ಎನ್ನಬಹುದು). ಅದೇ ಪಠ್ಯದಲ್ಲಿ ಪಳಗಿದ ಮನೆತನದ ನ್ಗುಯೆನ್ ಝು, ಚೀನಾದ ಒಂದು ಸಾಧಾರಣ ಕಾದಂಬರಿಯನ್ನು ಎತ್ತಿಕೊಂಡು ತನ್ನ ಜನರ 'ಲುಕ್ ಬಾತ್' ಎಂಬ ಆರು-ಎಂಟರ ಮಟ್ಟಿನಲ್ಲಿ 3,254 ಸಾಲು ಕಟ್ಟಿದ. ಮೂಲ ಕಾದಂಬರಿ ಚೀನಾದಲ್ಲೇ ಮರೆತುಹೋಯಿತು. ವಿಯೆಟ್ನಾಂನಲ್ಲಿ ಮಾತ್ರ ಆ ಕಾವ್ಯದ ನಾಯಕಿ ಕಿಯೆವ್‌ಳ ಕಥೆಯ ಪುಟ ತೆರೆದು ಕಣ್ಣಿಗೆ ಬಿದ್ದ ಸಾಲಿನಲ್ಲಿ ಭವಿಷ್ಯ ನೋಡಿಕೊಳ್ಳುವ ರೂಢಿಯಿದೆ.

ಭಾಷೆಯ ಪೆಟ್ಟಿಗೆ ತೆರೆದರೆ ಇನ್ನೊಂದು ಸಂಗತಿ ಕಾಣುತ್ತದೆ. ಇಂಡೊನೇಷ್ಯಾದ ಮುಸ್ಲಿಮರು ರಂಜಾನಿನ ಉಪವಾಸಕ್ಕೆ 'ಪುಆಸಾ' ಎನ್ನುತ್ತಾರೆ. ಅದು ನಮ್ಮ ಉಪವಾಸವೇ. ಪುಣ್ಯಕ್ಕೆ 'ಪಹಾಲಾ', ನಮ್ಮ ಫಲ, ಪಾಪಕ್ಕೆ 'ದೋಸಾ'. ಅಡುಗೆಮನೆಗೆ ನಡೆದರೆ ತಾಹು, ತಾಉಗೆ, ಮಿ, ಬಿಹುನ್, ಎಲ್ಲ ಚೀನಾದ ಫುಜಿಯನ್ ಕಡೆಯ ಹೊಕ್ಕಿಯೆನ್ ನುಡಿಯಿಂದ ಬಂದವು. ಬಕ್ಸೊ ಎಂಬ ಮಾಂಸದುಂಡೆಯ 'ಬಾಕ್' ಮೂಲದಲ್ಲಿ ಹೆಚ್ಚಾಗಿ ಹಂದಿಮಾಂಸ. ಈಗ ಮುಸ್ಲಿಂ ಗಾಡಿಯವನು ದನದ ಮಾಂಸದಲ್ಲಿ ಮಾಡಿ ಬೀದಿಬೀದಿಗೆ ಮಾರುತ್ತಾನೆ. ಸಂಸ್ಕೃತ ಪರಲೋಕಕ್ಕೆ, ಹೊಕ್ಕಿಯೆನ್ ಹೊಟ್ಟೆಗೆ. ಹೊಟ್ಟೆಗೆ ಕೊಟ್ಟದ್ದಕ್ಕೆ ಶಾಸನ ಕೆತ್ತುವವರಿಲ್ಲ. ವಿದ್ವಾಂಸರ ಕಡತದಲ್ಲಿ ಚೀನಾದ ಪಾಲು ಸಣ್ಣದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಅಷ್ಟು ಮುಗ್ಧವಲ್ಲ. ಸಂಸ್ಕೃತ ತಂದ ಪುರೋಹಿತರು ಜಾವಾದ ಜನರಲ್ಲಿ ಕರಗಿಹೋದರು. ಅವರು ಬಿಟ್ಟುಹೋದದ್ದು ಯಾರ ಕಣ್ಣನ್ನೂ ಚುಚ್ಚದ ಪರಂಪರೆಯಾಯಿತು. ಚೀನಾದಿಂದ ಬಂದವರು ಪಕ್ಕದ ಅಂಗಡಿಯಲ್ಲಿ ಕೂತರು, ಸಾಲ ಕೊಟ್ಟರು, ಬೇರೆಯಾಗಿ ಕಾಣಿಸಿದರು. ಹಾಗಾಗಿ ಜಾವಾದವರಿಗೆ ಅರ್ಜುನ ತಮ್ಮವನು, ಸಿಂಹನೃತ್ಯ ಪರದೇಶಿ. 1967ರಲ್ಲಿ ಇಂಡೊನೇಷ್ಯಾದ ಸುಹಾರ್ತೊ ಸರ್ಕಾರ ಚೀನೀ ಹಬ್ಬ, ಆಚರಣೆಗಳನ್ನು ಬಹಿರಂಗವಾಗಿ ನಡೆಸಬಾರದೆಂದು ಆಜ್ಞೆ ಹೊರಡಿಸಿತು. ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ 2000ದಲ್ಲಿ ಅದನ್ನು ತೆಗೆದುಹಾಕುವ ತನಕ ಮೂವತ್ತಮೂರು ವರ್ಷ ಪೊತೆಹಿ ಎಂಬ ಚೀನೀ ಕೈಗೊಂಬೆಯಾಟ ಗುಡಿಯ ಗೋಡೆಗಳೊಳಗೆ ಅಡಗಿ ಉಸಿರು ಹಿಡಿದಿತ್ತು. ಆ ಕಾಲದಲ್ಲಿ ಅದನ್ನು ಉಳಿಸಿಕೊಂಡವರಲ್ಲಿ ಜಾವಾದ ಮುಸ್ಲಿಂ ಗೊಂಬೆಯಾಟದವರು ಬಹಳ. ಯಾವ ಪ್ರಭಾವ ಪರಂಪರೆ, ಯಾವುದು ಆಕ್ರಮಣ ಎಂದು ತೀರ್ಮಾನಿಸುವವರು ಬಹುಮಟ್ಟಿಗೆ ಇತಿಹಾಸಕಾರರಲ್ಲ, ಪೊಲೀಸರು.

ಬೃಹತ್ತರ ಭಾರತದ ಸೊಸೈಟಿ ಹುಟ್ಟುವ ಒಂದು ವರ್ಷ ಮೊದಲು, 1925ರಲ್ಲಿ, ಯೋಗ್ಯಕರ್ತದಲ್ಲಿ ಗಾನ್ ತ್ವಾನ್ ಸಿಂಗ್ ಎಂಬ ಚೀನೀ ಮೂಲದ ಜಾವಾ ಕಲಾವಿದ ಹೊಸ ಬಗೆಯ ತೊಗಲುಗೊಂಬೆಗಳನ್ನು ಮಾಡಿದ. ಜಾವಾ ವಯಾಂಗ್‌ನ ಕೆತ್ತನೆ, ಕೋಲಿಗೆ ಕಟ್ಟಿದ ಕೈಗಳು, ಬಾಳೆದಿಂಡಿಗೆ ಚುಚ್ಚಿ ನಿಲ್ಲಿಸುವ ಕ್ರಮ, ಹಿಂದೆ ಗಾಮೆಲಾನ್ ಮೇಳ. ಆಡಿಸಿದ್ದು ಜಾವಾ ಭಾಷೆಯಲ್ಲಿ. ಕಥೆ ಮಾತ್ರ ಮಹಾಭಾರತದ್ದಲ್ಲ. ತಾಂಗ್ ಕಾಲದ ದಂಡನಾಯಕ ಸಿಯೆ ಜಿನ್ ಕ್ವೀಯದು. ಎರಡು ವರ್ಷದ ಮೇಲೆ ಠಾಕೂರರು ಯೋಗ್ಯಕರ್ತಕ್ಕೆ ಬಂದಾಗ ಆ ಗೊಂಬೆಗಳು ಅದೇ ಊರಿನಲ್ಲಿದ್ದವು. ಗಾನ್ 1966ರಲ್ಲಿ ತೀರಿಕೊಂಡ. ಮರುವರ್ಷವೇ ಆ ಆಜ್ಞೆ ಬಂತು. ಅವನ ಗೊಂಬೆಗಳ ಒಂದು ಗುಂಪು ಈಗ ಯೋಗ್ಯಕರ್ತದ ಸೊನೊಬುದೊಯೊ ಮ್ಯೂಸಿಯಮ್ಮಿನಲ್ಲಿದೆ.